ಸಾಲಿನಲ್ಲೊಂದು ಖಾಲಿ ಜಾಗ

ಕಾಸ್ಕಿ ಫಾಲ್ಸ್, ವಿಸ್ಕಾನ್ಸಿನ್
೨೩ ಫೆಬ್ರವರಿ ೧೯೮೬

ಕೊರಿನ್,

ನಿನ್ನ ಕಾಗದ ಬಂತು. ಮೆರಿಡಿಯನ್ಸ್ ಕವಾಯತು ವಾದ್ಯತಂಡದ ಕಹಳೆ ಸಾಲಿಗೆ ಈ ವರ್ಷಾನೂ ನಿನ್ನನ್ನ ಆರಿಸಿದ್ರು ಅಂತ ಓದಿ ಅಡುಗೆಮನೆಯಲ್ಲೇ ಒಂದು ಕೂಗು ಹಾಕಿದೆ. ಪಕ್ಕದ ಮನೆ ಹಾರ್ವಿ ಲಿಂಡ್‌ಕ್ವಿಸ್ಟ್ ಹಿಮ ಎತ್ತೋ ಸಲಿಕೆ ಹಿಡ್ಕೊಂಡೇ ಓಡಿ ಬಂದ, ನಾನು ಬಿದ್ದು ಸೊಂಟ ಮುರ್ಕೊಂಡೆ ಅಂದ್ಕೊಂಡು. ವಿಷಯ ಹೇಳಿದ್ರೆ, "ಅಷ್ಟಕ್ಕೇ ಹೀಗೆ ಬಡ್ಕೋಬೇಕಾ ಬರ್ನಿ?" ಅಂದ. ಅವನೇನು ಬಿಡು, ತಂಡಗಳಿಗೆ ಹುಡುಗೀರ್ನ ಸೇರಿಸ್ಕೊಂಡಾಗಲೇ ಎಲ್ಲ ಕೆಟ್ಟೋಯ್ತು ಅಂದವನು. ಈಗ ದೊಡ್ಡ ಡ್ರಮ್ಮುಗಳನ್ನ ಮೈದಾನದ ಅಂಚಿನಲ್ಲಿ ನೆಲದ ಮೇಲಿಟ್ಟು ಬಾರಿಸ್ತಾರೆ ಅಂತ ಇನ್ನೊಂದು ತಕರಾರು. "ಡ್ರಮ್ಮು ಹೊತ್ಕೊಂಡು ನಡೀಬೇಕು. ನೆಲಕ್ಕಿಟ್ಟು ಬಡಿಯೋಕೆ ಅದೇನು ಸಾರಿನ ಪಾತ್ರೆನಾ?" ಅಂತಾನೆ. ಆದ್ರೂ ಒಂದು ಷೋ ತಪ್ಪಿಸಲ್ಲ ಮಹಾರಾಯ.

ಮಗಳೇ, ಇದು ನಿನ್ನ ಕೊನೇ ಬೇಸಿಗೆ. ಇಪ್ಪತ್ತೊಂದಾದ ಮೇಲೆ ಮುಂದಿನ ವರ್ಷ ಯಾವ ತಂಡದವರೂ ಮೈದಾನಕ್ಕೆ ಬಿಟ್ಟುಕೊಳ್ಳಲ್ಲ. ಚೆನ್ನಾಗಿ ನುಡಿಸು. ನನ್ನ ಕಾಲದಲ್ಲಿ ಈ ಊರಿನ ತಂಡಕ್ಕೆ ಹೋಗಿ ಕಹಳೆ ಕೊಡ್ರಪ್ಪ ಅಂತ ಕೇಳಿದ್ದಕ್ಕೆ, ಹುಡುಗರ ಸಮವಸ್ತ್ರಕ್ಕೆ ಗುಂಡಿ ಹೊಲಿಯೋ ಕೆಲಸ ಕೊಟ್ರು. ನುಡಿಸೋಕೆ ಬಿಡದೇ ಇದ್ರೆ ನೋಡೋದನ್ನ ಯಾರು ತಡೀತಾರೆ ಅಂತ ಗ್ಯಾಲರಿ ಹತ್ತಿ ಕೂತವಳು ನಾನು, ಇವತ್ತಿನವರೆಗೆ ಇಳಿದಿಲ್ಲ. ನೀನು ಮೈದಾನದಲ್ಲಿ ನಿಂತಾಗ ನಾನೇ ನಿಂತ ಹಾಗೆ ಆಗುತ್ತೆ. ಇದನ್ನ ಎದುರಿಗೆ ಹೇಳೋಕೆ ನಾಚಿಕೆ, ಅದಕ್ಕೇ ಕಾಗದದಲ್ಲಿ ಬರೆದೆ.

ಜುಲೈ ಹತ್ತೊಂಬತ್ತಕ್ಕೆ ನಮ್ಮೂರ ಷೋ. ಗ್ಯಾಲರಿಯ ತುತ್ತತುದಿ ಸಾಲಲ್ಲಿ ಇರ್ತೀವಿ. ಉಣ್ಣೆ ಕಾಲುಚೀಲ ಹಾಕ್ಕೋ.

ನಿನ್ನ ಅಮ್ಮ,
ಬರ್ನಡೀನ್


ಒಟ್ಟಂವಾ, ಅಯೋವಾ
೨೨ ಜೂನ್ ೧೯೮೬

ಅಮ್ಮಾ,

ಶಾಲೆಯೊಂದರ ಆಟದ ಹಾಲ್‌ನಲ್ಲಿ ನೆಲದ ಮೇಲೆ ಬೋರಲು ಮಲಗಿ ಬರೀತಿದ್ದೀನಿ. ಬೆನ್ನು ಸುಟ್ಟು ಸಿಪ್ಪೆ ಏಳ್ತಿದೆ, ಅಂಗಾತ ಮಲಗೋ ಹಾಗಿಲ್ಲ. ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲಲ್ಲೇ ನಡೆಸ್ತಾರೆ. ಕಡಲೆಕಾಯಿ ಬೆಣ್ಣೆ ಸವರಿದ ಬ್ರೆಡ್ಡು ನೋಡಿದ್ರೆ ವಾಕರಿಕೆ ಬರುತ್ತೆ, ಆದ್ರೂ ದಿನಾ ತಿಂತೀನಿ.

ಆದ್ರೆ ಅಮ್ಮಾ, ಈ ಸಲದ ಕೊನೇ ಭಾಗ! ಕಹಳೆಯವರೆಲ್ಲ ಹಿಂದಿನ ಗೆರೆಯಲ್ಲಿ ಚೆಲ್ಲಾಪಿಲ್ಲಿ ಇರ್ತೀವಿ. ನೋಡ್ತಾ ನೋಡ್ತಾ ಒಂದು ದೊಡ್ಡ ಬಿಲ್ಲಾಗಿ ಬಾಗಿ, ಕಹಳೆ ಕೆಳಗಿಳಿಸದೆ, ಊದ್ತಾ ಊದ್ತಾ ಸೀದಾ ನಿಮ್ಮ ಮುಖದ ಮುಂದಕ್ಕೆ ಬರ್ತೀವಿ. ಬೋಡೆನ್ ಮೇಷ್ಟ್ರು ಗಂಟಲು ಹರಿಯೋ ಹಾಗೆ ಕೂಗ್ತಾರೆ, "ಪಕ್ಕದವರನ್ನ ನೋಡ್ಬೇಡಿ, ಪಕ್ಕದವರ ಜೊತೆ ಉಸಿರಾಡಿ!" ನನ್ನ ಜಾಗ ಬಿಲ್ಲಿನ ಎಡಭಾಗ, ತುದಿಗಿಂತ ಸ್ವಲ್ಪ ಒಳಗೆ. ನೋಡಿದ ತಕ್ಷಣ ಗುರುತು ಹಿಡೀತೀಯ ಬಿಡು, ಮೂರು ವರ್ಷದಿಂದ ಹಿಡಿದಿದ್ದೀಯ.

ಫೈನಲ್ ನಮ್ಮ ರಾಜ್ಯದ ಮ್ಯಾಡಿಸನ್‌ನಲ್ಲೇ. ಅಲ್ಲಿಗೆ ತಲುಪೋವರೆಗೂ ಕಾಲು ಗಟ್ಟಿ ಇದ್ರೆ ಸಾಕು.

ಕೊರಿನ್


ಲೈಮಾ, ಒಹಾಯೊ
೧೫ ಜುಲೈ ೧೯೮೬

ಅಮ್ಮಾ,

ಈ ಕಾಗದಕ್ಕಿಂತ ಮುಂಚೆ ನಾವೇ ನಮ್ಮೂರಿಗೆ ಬಂದ್ರೂ ಬರ್ತೀವೇನೋ. ಫೋನ್ ಮಾಡೋಣ ಅಂದ್ರೆ ಅಳು ಬರುತ್ತೆ ಅಂತ ಮಾಡಲಿಲ್ಲ.

ಬಲಗಾಲಿನ ಪಾದದಲ್ಲಿ ಸಣ್ಣ ಮೂಳೆ ಬಿರುಕು ಬಿಟ್ಟಿದೆ. ಬಿದ್ದಿದ್ದಲ್ಲ, ನಡೆದೂ ನಡೆದೂ ಆಗಿದ್ದಂತೆ. ಪಟ್ಟಿ ಹಾಕಿದ್ದಾರೆ. ಫೈನಲ್ ಹೊತ್ತಿಗೆ ಬಿಚ್ಚಬಹುದು ಅಂತಾರೆ ಡಾಕ್ಟ್ರು. "ಬಹುದಾ, ಬಿಚ್ತೀರಾ?" ಅಂತ ಕೇಳಿದೆ. "ಬಹುದು" ಅಂತಲೇ ಅಂದ್ರು.

ಸದ್ಯಕ್ಕೆ ನನ್ನ ಜಾಗ ಖಾಲಿ ಬಿಟ್ಟೇ ನಡೀತಿದ್ದಾರೆ. ಅಲ್ಲಿವರೆಗೂ ಹೀಗೇ ಕಾದಿಡಿ ಅಂತ ಬೋಡೆನ್ ಮೇಷ್ಟ್ರ ಹತ್ರ ಬೇಡ್ಕೊಂಡೆ. ಅವರು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಯಾಕೆ ಅಂದ್ರೆ ಮೊನ್ನೆ ಒಬ್ಬಳು ಬಂದಿದ್ದಾಳೆ, ರಮೋನಾ ವಿಹಿಲ್ ಅಂತ, ನ್ಯೂ ಮೆಕ್ಸಿಕೋದವಳು. ಅವಳ ತಂಡ ದಾರಿ ಮಧ್ಯದಲ್ಲೇ ಮುಚ್ಚಿಹೋಯ್ತು. ಕಹಳೆ ಪೆಟ್ಟಿಗೆ ಹಿಡ್ಕೊಂಡು ನಮ್ಮ ಬಸ್ಸಿನ ಬಾಗಿಲಲ್ಲಿ ನಿಂತಿದ್ದಳು. ನಾನು ಅವಳ ಜೊತೆ ಮಾತಾಡಿಲ್ಲ. ಮಾತಾಡೋಕೆ ಇಷ್ಟಾನೂ ಇಲ್ಲ.

ಅಮ್ಮಾ, ನನ್ನ ಕೊನೇ ಷೋ ಹೀಗೆ ಹೋಗಬಾರದು.

ಕೊರಿನ್


ಕಾಸ್ಕಿ ಫಾಲ್ಸ್
೨೧ ಜುಲೈ ೧೯೮೬

ಕೊರಿನ್,

ನಿನ್ನ ಹದಿನೈದನೇ ತಾರೀಕಿನ ಕಾಗದ ಇವತ್ತು ಬಂತು. ಶನಿವಾರ ಕಣ್ಣಾರೆ ಕಂಡದ್ದನ್ನ ಸೋಮವಾರ ಅಂಚೆಯವನು ತಂದುಕೊಟ್ಟ. ಇರಲಿ. ಬಸ್ಸಿನ ಹತ್ರ ನಿನ್ನನ್ನ ತಬ್ಕೊಂಡು ಬೈದಿದ್ದು ಬಿಟ್ರೆ ಬೇರೇನೂ ಮಾತಾಡೋಕೆ ಆಗಲಿಲ್ಲ. ಮೇಲಿಂದ ನನಗೇನು ಕಾಣ್ತು ಅಂತ ನಿನಗೆ ಗೊತ್ತಾಗಬೇಕು, ಅದಕ್ಕೇ ಬರೀತಿದ್ದೀನಿ.

ನಾನೂ ಹಾರ್ವಿನೂ ಎಂದಿನ ಹಾಗೆ ಮೊದಲೇ ಹೋಗಿ ತುದಿ ಸಾಲು ಹಿಡಿದ್ವಿ. ದಿಂಬು, ಫ್ಲಾಸ್ಕು, ಸಾಸೇಜು, ಎಲ್ಲ ಇತ್ತು. ಮುಂದಿನ ಸಾಲಿಗೆ ಯಾರೋ ಹೊಸಬರು ಬಂದು, ಕೆಳಗೆ ಇಷ್ಟೊಂದು ಜಾಗ ಇರುವಾಗ ಇಲ್ಲಿ ಯಾಕೆ ಹತ್ತಿದ್ದೀರಿ ಅಂತ ಕೇಳಿದ್ರು. "ಕೆಳಗೆ ಕೂತ್ರೆ ಮುಖ ಕಾಣುತ್ತೆ, ಮೇಲೆ ಕೂತ್ರೆ ಷೋ ಕಾಣುತ್ತೆ" ಅಂದೆ. ಮೊದಲ ತಂಡ ನುಡಿಸ್ತಿರುವಾಗಲೇ ಅವರಲ್ಲೊಬ್ಬ ಪಾಪ್‌ಕಾರ್ನ್ ತರೋಕೆ ಎದ್ದ. ಹಾರ್ವಿ ಅವನ ಅಂಗಿ ಹಿಡಿದು ಕೂರಿಸಿದ. "ನಡುವೆ ಏಳ್ತೀಯಲ್ಲಯ್ಯ, ಇದೇನು ಬಸ್ ಸ್ಟ್ಯಾಂಡಾ?" ಅಂತ.

ಆಮೇಲೆ ನಿಮ್ಮವರು ಬಂದ್ರು. ಮೊದಲ ಸ್ವರಕ್ಕೇ ತೋಳಿನ ಕೂದಲೆಲ್ಲ ಎದ್ದು ನಿಂತ್ವು. ಅಬ್ಬಾ, ಏನು ಶಬ್ದ ಅದು, ಕಿವಿಗಲ್ಲ ಎದೆಗೆ ಬಂದು ಬಡೀತು. ನಾನು ನಿನ್ನನ್ನ ಹುಡುಕ್ತಾನೇ ಇದ್ದೆ. ಎಲ್ಲರೂ ಅಷ್ಟು ಬೇಗ ಓಡಾಡ್ತಿದ್ರು, ಸಿಗಲಿಲ್ಲ. ಕೊನೇಲಿ ಆ ಬಿಲ್ಲು ಬಾಗೋಕೆ ಶುರುವಾಯ್ತು. ಎಡಗಡೆ, ತುದಿಗಿಂತ ಸ್ವಲ್ಪ ಒಳಗೆ, ನೋಡಿದ್ರೆ ಹುಲ್ಲು. ಬರೀ ಹುಲ್ಲು.

ಹಾರ್ವಿ ಮೆಲ್ಲಗೆ, "ಬರ್ನಿ, ಅದು ನಿಮ್ಮ ಹುಡುಗಿ ಜಾಗ ಅಲ್ವಾ?" ಅಂದ.

"ಬಾಯಿ ಮುಚ್ಕೊಂಡು ನೋಡು" ಅಂದೆ. ಹುಷಾರಿಲ್ಲವೋ, ಆಸ್ಪತ್ರೆಯೋ, ಇನ್ನೇನೋ ಅಂತ ಏನೇನೋ ಬಂತು ಮನಸ್ಸಿಗೆ. ಎದ್ದು ಓಡೋಣ ಅಂದ್ರೆ ತಂಡ ನುಡಿಸ್ತಿದೆ, ನಾನೇ ಹೇಗೆ ಏಳಲಿ? ಕೂತೆ. ಆ ಖಾಲಿ ಜಾಗಾನೇ ನೋಡ್ತಾ ಕೂತೆ.

ಮಗಳೇ, ಈಗ ಹೇಳ್ತೀನಿ ಕೇಳು. ಆ ಜಾಗ ನಡೀತಾ ಇತ್ತು! ಅದರ ಎಡಕ್ಕೊಬ್ಬ ಉದ್ದನೆ ಹುಡುಗ, ಬಲಕ್ಕೊಬ್ಬಳು ಜಡೆಯವಳು. ಇಬ್ಬರೂ ಒಂದು ಕೂದಲೆಳೆಯಷ್ಟೂ ಸರ್ಕೊಳ್ಳಲಿಲ್ಲ. ಬಾಗುವಾಗ ನಿನಗೆ ಜಾಗ ಬಿಟ್ಟು ಬಾಗಿದ್ರು, ತಿರುಗುವಾಗ ನಿನ್ನನ್ನ ಸುತ್ತಿಕೊಂಡೇ ತಿರುಗಿದ್ರು. ನೀನು ಇದ್ದಿದ್ರೆ ಎಲ್ಲಿ ಹೆಜ್ಜೆ ಇಡ್ತಿದ್ದೆಯೋ ಅಲ್ಲೆಲ್ಲ ಆ ಜಾಗ ಹೋಯ್ತು, ನನ್ನ ಮುಖದ ಮುಂದಕ್ಕೂ ಬಂತು. ಇಷ್ಟು ವರ್ಷ ನೋಡಿದ್ದೀನಿ, ತಂಡದವರ ಮೇಲೆ ಇಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. ಎಲ್ಲರೂ ಎದ್ದು ಚಪ್ಪಾಳೆ ಹೊಡೆದ್ರು. ನನಗೆ ಏಳೋಕೇ ಆಗಲಿಲ್ಲ, ಹಾರ್ವಿ ಕೈ ಹಿಡಿದು ಎಬ್ಬಿಸಿದ.

ಮುಗಿದ ಮೇಲೆ ನಿನ್ನನ್ನ ನೋಡಿದೆ, ನೀನು ಡ್ರಮ್ ಪೆಟ್ಟಿಗೆ ಮೇಲೆ ಕಾಲು ಚಾಚಿ ಜೋಳ ಕಡೀತಿದ್ದೆ. ಜೀವ ಬಂತು. ನೀನು ಬಸ್ಸು ಹತ್ತಿದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಬೋಡೆನ್ ಮೇಷ್ಟ್ರನ್ನ ತಂಡದ ಅಡುಗೆ ಲಾರಿ ಹಿಂದೆ ಹಿಡಿದೆ.

"ನೋಡಿ ಬರ್ನಿ," ಅಂದ್ರು, "ಸಾಲಲ್ಲಿ ತೂತು ಇದ್ರೆ ತೀರ್ಪುಗಾರರಿಗೆ ಅದೇ ಕಣ್ಣಿಗೆ ಬೀಳುತ್ತೆ. ಈ ಹುಡುಗಿ ಚೆನ್ನಾಗಿ ನುಡಿಸ್ತಾಳೆ. ಇವಳಿಗೂ ಇದೇ ಕೊನೇ ವರ್ಷ."

ಆ ರಮೋನಾ ಅಲ್ಲೇ ನಿಂತು ದೊಡ್ಡ ಪಾತ್ರೆ ಉಜ್ಜುತ್ತಿದ್ದಳು. ಕೇಳಿಸಲಿ ಅಂತಲೇ ಹೇಳಿದೆ. "ಇವಳಿಗೆ ಬೇರೆ ಕಡೆ ನೋಡಿ ಮೇಷ್ಟ್ರೇ. ಆ ಜಾಗ ನನ್ನ ಮಗಳದ್ದು. ಇವತ್ತು ಮೈದಾನದಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದು ಇರಲಿಲ್ಲ." ಅವರು ಟೋಪಿ ತೆಗೆದು ತಲೆ ಕೆರ್ಕೊಂಡು, "ಸರಿ, ಡಾಕ್ಟ್ರ ಮಾತಿಗೆ ಕಾಯೋಣ" ಅಂದ್ರು. ಅಂದ್ರೆ ಜಾಗ ನಿನ್ನದೇ. ಕಾಲು ಎತ್ತಿಟ್ಟು ಮಲ್ಕೋ, ಹಾಲು ಕುಡಿ.

ಅಮ್ಮ


ಆಲನ್‌ಟೌನ್, ಪೆನ್ಸಿಲ್ವೇನಿಯಾ
೩೦ ಜುಲೈ ೧೯೮೬

ಅಮ್ಮಾ,

ನಿನ್ನ ಕಾಗದ ಓದಿ ಬಸ್ಸಿನ ಹಿಂದೆ ಹೋಗಿ ಅತ್ತೆ. ನನಗೋಸ್ಕರ ಜಗಳಾಡಿದೆಯಲ್ಲ, ಅದಕ್ಕೆ. ಈಗ ನಾನು ಹೇಳೋದು ನಿನಗೆ ಹಿಡಿಸಲ್ಲ. ಪೂರ್ತಿ ಓದು, ನಡುವೆ ಹರಿದು ಬಿಸಾಕಬೇಡ.

ಅಭ್ಯಾಸದ ಹೊತ್ತಲ್ಲಿ ಕೆಳಗೆ ಕೂತು ಬೇಜಾರಾಗಿ, ಮೇಷ್ಟ್ರು ನಿಲ್ಲೋ ಅಟ್ಟಣೆಗೆ ತೆವಳ್ಕೊಂಡು ಹತ್ತಿದೆ. ಮೂರು ವರ್ಷ ಇದೇ ತಂಡದಲ್ಲಿದ್ದೀನಿ, ನಮ್ಮ ಷೋ ಮೇಲಿಂದ ಹೇಗಿರುತ್ತೆ ಅಂತ ನಾನು ನೋಡಿರಲೇ ಇಲ್ಲ. ನೋಡು ತಮಾಷೆನ! ಇಷ್ಟು ಚೆಂದದ್ದರ ಒಳಗೆ ನಾನಿದ್ನಾ ಅನ್ನಿಸ್ತು. ಆಮೇಲೆ ಬಿಲ್ಲು ಬಂತು. ಅಮ್ಮಾ, ನಿನಗೆ ಆ ಖಾಲಿ ಜಾಗ ಚೆಂದ ಕಾಣ್ತು, ಯಾಕೆ ಅಂದ್ರೆ ನೀನು ನನ್ನ ಅಮ್ಮ. ನನಗೆ ಮುಂದಿನ ಹಲ್ಲು ಬಿದ್ದ ಬಾಯಿ ಥರ ಕಾಣ್ತು. ಎಲ್ಲರ ಶ್ರಮ ಒಂದು ಕಡೆ, ನನ್ನ ಹಟ ಒಂದು ಕಡೆ.

ಕೆಳಗಿಳಿದು ಅಡುಗೆ ಲಾರಿ ಹತ್ರ ಹೋದೆ. ರಮೋನಾ ಈರುಳ್ಳಿ ಹೆಚ್ಚುತ್ತಿದ್ದಳು.

"ನಿಮ್ಮ ತಂಡ ಯಾಕೆ ಮುಚ್ತು?" ಅಂದೆ.

"ಬಸ್ಸು ಕೆಟ್ಟು ನಿಂತ್ವು. ಮ್ಯಾನೇಜರು ಪಾರ್ಕಿಂಗ್ ಜಾಗದಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮನೆಗೆ ಹೋಗ್ರಪ್ಪಾ ಅಂದ್ರು. ನಮಗೆ ಸಾಲು ಬಿಟ್ಟು ಹೋಗೋಕೇ ಗೊತ್ತಾಗಲಿಲ್ಲ. ಹಾಗೇ ನಿಂತಿದ್ವಿ."

"ನೀನ್ಯಾಕೆ ಮನೆಗೆ ಹೋಗಲಿಲ್ಲ?"

"ಹೋದ್ರೆ ಮುಗೀತಲ್ಲ" ಅಂದಳು. ಆಮೇಲೆ, "ನಿಮ್ಮಮ್ಮ ಹೇಳಿದ್ದು ಸರಿ. ನನಗೆ ಪಾತ್ರೆ ತೊಳ್ಕೊಂಡು ಜೊತೆಗಿದ್ರೂ ಸಾಕು. ದಿನಾ ಕೇಳಿಸುತ್ತಲ್ಲ" ಅಂದಳು.

ನನಗೆ ಕೋಪ ಬಂತು. ಅಷ್ಟು ಒಳ್ಳೆಯವಳಾಗಿ ಯಾಕಿರಬೇಕು ಅವಳು? "ನಾಳೆ ಬೆಳಗ್ಗೆ ಕಹಳೆ ತಗೊಂಡು ಬಾ, ನನ್ನ ಹೆಜ್ಜೆ ಹೇಳಿಕೊಡ್ತೀನಿ" ಅಂದೆ. ಬೋಡೆನ್ ಮೇಷ್ಟ್ರಿಗೂ ಹೇಳಿಬಿಟ್ಟೆ. ಐದು ದಿನದಿಂದ ಕಲಿಸ್ತಿದ್ದೀನಿ. ಮೊದಲ ದಿನ ಅವಳು ನನ್ನ ಜಾಗದಲ್ಲಿ ನಿಂತಾಗ ಹೊಟ್ಟೆಯೆಲ್ಲ ಉರಿದುಹೋಯ್ತು, ಸುಳ್ಳು ಯಾಕೆ ಹೇಳಲಿ. ತಿರುವಲ್ಲಿ ತಪ್ಪಿದಾಗೆಲ್ಲ ಒಳಗೊಳಗೇ ಖುಷಿ. ಈಗ ತಪ್ಪಲ್ಲ. ಹಟಮಾರಿ, ಬಿದ್ರೂ ಕಹಳೆ ಇಳಿಸಲ್ಲ.

ಕೊರಿನ್


ಕಾಸ್ಕಿ ಫಾಲ್ಸ್
೪ ಆಗಸ್ಟ್ ೧೯೮೬

ಕೊರಿನ್,

ಹರಿದು ಬಿಸಾಕಿಲ್ಲ, ಪೂರ್ತಿ ಓದಿದೆ. ನಿನಗೆ ತಲೆ ಕೆಟ್ಟಿದೆಯಾ? ನಾನು ಆ ಮನುಷ್ಯನ ಹತ್ರ ಬಾಯಿ ಒಣಗಿಸ್ಕೊಂಡು ಜಗಳಾಡಿ ಉಳಿಸಿದ್ದನ್ನ ನೀನು ಈರುಳ್ಳಿ ಹೆಚ್ಚೋವಳ ಕೈಗೆ ಕೊಟ್ಟು ಬಂದೆಯಾ? ಆ ಜಾಗ ನಿನ್ನದೊಂದೇ ಅಂದ್ಕೊಂಡಿದ್ದೀಯ? ಗುಂಡಿ ಹೊಲಿದವಳನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ?

ಹಾರ್ವಿಗೆ ಹೇಳಿದ್ರೆ, "ಹುಡುಗಿ ಮಾಡಿದ್ದು ಸರಿ" ಅಂತಾನೆ. ಹುಡುಗೀರ ವಿಷಯದಲ್ಲಿ ಜೀವಮಾನದಲ್ಲಿ ಮೊದಲ ಸಲ ಹುಡುಗಿ ಸರಿ ಅಂದ, ಅದೂ ಈಗ! ಅವನ ಜೊತೆನೂ ಮಾತು ಬಿಟ್ಟಿದ್ದೀನಿ.

ನಾನು ಮ್ಯಾಡಿಸನ್‌ಗೆ ಬರಲ್ಲ. ಯಾರನ್ನ ನೋಡೋಕೆ ಬರಲಿ?

ಅಮ್ಮ


ಟೆರಿ ಹೋಟ್, ಇಂಡಿಯಾನಾ
೧೧ ಆಗಸ್ಟ್ ೧೯೮೬

ಅಮ್ಮಾ,

ಬೆಳಗ್ಗೆ ಪಟ್ಟಿ ಬಿಚ್ಚಿದ್ರು. ಹೌದು, ಬಿಚ್ಚಿದ್ರು. ಡಾಕ್ಟ್ರು ಪಾದ ಒತ್ತಿ ನೋಡಿ, ಬಿಗಿಯಾಗಿ ಕಟ್ಕೊಂಡ್ರೆ ಒಂದು ಷೋ ನಡೀಬಹುದು, ಒಂದೇ ಒಂದು ಅಂದ್ರು.

ಬೋಡೆನ್ ಮೇಷ್ಟ್ರು ಕಹಳೆಯವರೆಲ್ಲರ ಮುಂದೆ ನನ್ನನ್ನ ಕರೆದ್ರು. "ಕೊರಿನ್, ಜಾಗ ನಿನ್ನದು. ಬೇಕು ಅಂದ್ರೆ ಬೇಕು ಅನ್ನು, ಯಾರೂ ತಪ್ಪು ತಿಳಿಯಲ್ಲ" ಅಂದ್ರು. ರಮೋನಾ ಕೈಗವಸು ಬಿಚ್ಚೋಕೆ ಶುರು ಮಾಡಿದಳು, ಒಂದೊಂದೇ ಬೆರಳು.

ನನಗೆ ಎಷ್ಟು ಬೇಕಿತ್ತು ಗೊತ್ತಾ ಅಮ್ಮಾ? ಬೇಕು ಅನ್ನೋ ಮಾತು ನಾಲಿಗೆ ತುದಿಯಲ್ಲಿತ್ತು. ನೀನು ಮೇಲೆ ಕೂತಿರೋದು, ನಾನು ಮುಂದಕ್ಕೆ ಬರೋದು, ಎಲ್ಲ ಕಣ್ಣ ಮುಂದೆ ಬಂತು. ಆದ್ರೆ ಎರಡು ವಾರದಿಂದ ಬಿಲ್ಲು ಎಲ್ಲೂ ಮುರೀದೆ ಬರ್ತಿದೆ. ನಾನು ಹೋಗಿ ಕುಂಟಿದ್ರೆ ಅದು ನನ್ನ ಜೊತೆ ಕುಂಟುತ್ತೆ. "ಹಾಕ್ಕೊಳ್ಳೇ ಕೈಗವಸು, ಟೈಮಾಯ್ತು" ಅಂದೆ. ಅಂದು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕ್ಕೊಂಡೆ.

ನೀನು ಬರಲ್ಲ ಅಂದಿದ್ದೀಯ. ಆದ್ರೂ ಕೇಳ್ತೀನಿ. ಫೈನಲ್ ದಿನ ತಂಡದ ಜೊತೆ ಕೆಳಗೆ ನಿಲ್ಲೋಕೆ ನನ್ನ ಕೈಲಾಗಲ್ಲ. ಗ್ಯಾಲರಿಯಲ್ಲಿ ನಿನ್ನ ಪಕ್ಕ ಜಾಗ ಇದೆಯಾ?

ಕೊರಿನ್


ಕಾಸ್ಕಿ ಫಾಲ್ಸ್
೨೪ ಆಗಸ್ಟ್ ೧೯೮೬

ರಮೋನಾ,

ನಾನು ಬರ್ನಡೀನ್ ಕುಬಿಯಾಕ್, ಕೊರಿನ್ ಅಮ್ಮ. ಅಡುಗೆ ಲಾರಿ ಹಿಂದೆ ನಿನ್ನ ಬಗ್ಗೆ, ನಿನಗೆ ಕೇಳಿಸೋ ಹಾಗೆ ಮಾತಾಡಿದವಳು. ಮ್ಯಾಡಿಸನ್‌ನಲ್ಲಿ ಆ ಗದ್ದಲದಲ್ಲಿ ನೀನು ಸಿಗಲಿಲ್ಲ. ವಿಳಾಸ ಕೊರಿನ್ ಕೊಟ್ಟಳು.

ನಿಮ್ಮ ಅಂಕ ಎಷ್ಟು ಬಂತು, ಎಷ್ಟನೇ ಸ್ಥಾನ ಅಂತೆಲ್ಲ ನಿನಗೇ ಗೊತ್ತು. ಹಾರ್ವಿ ಲಿಂಡ್‌ಕ್ವಿಸ್ಟ್ ಅನ್ನೋ ನಮ್ಮ ಪಕ್ಕದ ಮನೆಯವನು ತೀರ್ಪುಗಾರರಿಗೆಲ್ಲ ಕನ್ನಡಕ ಬದಲಾಯಿಸಬೇಕು ಅಂತ ಇನ್ನೂ ಬೈತಿದ್ದಾನೆ. ಗೆಲುವು ಅಷ್ಟು ಹತ್ತಿರ ಬಂದು ತಪ್ಪಿಹೋಯ್ತಲ್ಲ ಅಂತ ನನಗೂ ಸಂಕಟ ಆಯ್ತು. ಅದಿರಲಿ. ಮೇಲಿಂದ ಏನು ಕಾಣ್ತು ಅಂತ ಹೇಳೋಕೆ ಬರೀತಿದ್ದೀನಿ, ಮೈದಾನದಲ್ಲಿದ್ದ ನಿನಗೆ ಅದು ಗೊತ್ತಿರಲ್ಲ.

ಪಟ್ಟಿ ಬಿಚ್ಚಿದ್ರೂ ಕೊರಿನ್ ಇನ್ನೂ ಕೋಲೂರಿಕೊಂಡೇ ಆ ಮೆಟ್ಟಿಲೆಲ್ಲ ಹತ್ತಿ ಬಂದಳು. ಅರ್ಧಕ್ಕೆ ಕೂತು ಉಸಿರು ತಗೊಂಡಳು, ಹಾರ್ವಿ ಎತ್ತಿಕೊಳ್ತೀನಿ ಅಂದ್ರೆ ಅವನಿಗೇ ಬೈದಳು. ನನ್ನ ಪಕ್ಕ ಕೂತಳು. ನಾನು ಅವಳ ಮುಖ ನೋಡಲಿಲ್ಲ. ಇನ್ನೂ ಸಿಟ್ಟಿತ್ತು ನನಗೆ, ಅವಳ ಮೇಲೂ, ನಿನ್ನ ಮೇಲೂ. ಬಂದಿದ್ದೇ ಒಂದು ಲೆಕ್ಕದ ಮೇಲೆ. ಆ ಜಾಗಾನೇ ಕಣ್ಣು ನೆಟ್ಟು ನೋಡ್ತೀನಿ, ನೀನು ಒಂದು ಹೆಜ್ಜೆ ತಪ್ಪಿದ್ರೂ, ನೋಡಿದೆಯಾ ಅಂತ ಮಗಳಿಗೆ ತೋರಿಸ್ತೀನಿ ಅಂತ. ಇಷ್ಟು ಕೆಟ್ಟವಳು ನಾನು.

ನೀವು ಬಂದ್ರಿ. ಏನು ನುಡಿಸಿದ್ರೇ ನೀವೆಲ್ಲ! ಗ್ಯಾಲರಿಯ ಕಬ್ಬಿಣವೆಲ್ಲ ಅದುರ್ತಿತ್ತು. ಹಾರ್ವಿ ಆ ನೆಲಕ್ಕಿಟ್ಟ ಡ್ರಮ್ಮುಗಳಿಗೂ ಚಪ್ಪಾಳೆ ಹೊಡೆದ, ಆಮೇಲೆ ಯಾರಾದ್ರೂ ನೋಡಿದ್ರಾ ಅಂತ ಆ ಕಡೆ ಈ ಕಡೆ ನೋಡಿದ. ಕೊನೆಗೆ ಬಿಲ್ಲು ಬಾಗ್ತಾ ಬಂತು. ನಾನು ಮುಂದಕ್ಕೆ ಬಗ್ಗಿ ಎಡಗಡೆ ನೋಡಿದೆ. ತುದಿಯಿಂದ ಒಳಕ್ಕೆ ನೋಡಿದೆ, ಒಳಗಿಂದ ತುದಿಗೆ ನೋಡಿದೆ. ಆ ಉದ್ದನೆ ಹುಡುಗ ಯಾರು, ಜಡೆಯವಳು ಯಾರು, ಒಬ್ಬರೂ ಗುರುತಿಗೆ ಸಿಗಲಿಲ್ಲ. ಒಂದೇ ಗೆರೆ. ಎಲ್ಲೂ ಸಂದಿಲ್ಲ, ಎಲ್ಲೂ ಒಬ್ಬರು ಹೆಚ್ಚಿಲ್ಲ ಕಡಿಮೆ ಇಲ್ಲ. ಜೀವಮಾನವೆಲ್ಲ ಗ್ಯಾಲರಿಯಲ್ಲಿ ಕಳೆದವಳು ನಾನು, ನನ್ನ ಸ್ವಂತ ಮಗಳ ಜಾಗ ಯಾವುದು ಅಂತ ಕಂಡುಹಿಡಿಯೋಕೆ ಆಗಲಿಲ್ಲ.

"ನಿನ್ನ ಜಾಗ ಎಲ್ಲೇ?" ಅಂತ ಅವಳ ಕಿವಿಯಲ್ಲಿ ಕೂಗಿದೆ.

ಅವಳ ಕೆನ್ನೆಯೆಲ್ಲ ಒದ್ದೆ. "ಗೊತ್ತಾಗ್ತಿಲ್ಲಮ್ಮಾ" ಅಂದಳು. "ನನಗೂ ಸಿಗ್ತಿಲ್ಲ!"

ಅಂದವಳೇ ಕೋಲು ಬಿಸಾಕಿ, ಒಂಟಿಕಾಲಲ್ಲಿ ನನ್ನ ಭುಜ ಹಿಡಿದು ಎದ್ದು ನಿಂತಳು. ಅವಳು ಹಾಕಿದ ಕೂಗು ಇದೆಯಲ್ಲ ರಮೋನಾ, ನಾನು ಇಷ್ಟು ವರ್ಷದಲ್ಲಿ ಅಂಥ ಕೂಗು ಹಾಕಿಲ್ಲ. ನಾನೂ ಎದ್ದೆ. ಮೊದಲು ಅವಳನ್ನ ಬೀಳದ ಹಾಗೆ ಹಿಡಿಯೋಕೆ ಅಂತಲೇ ಎದ್ದಿದ್ದು, ಆಮೇಲೆ ನಿನಗೋಸ್ಕರ ಕೂಗಿದೆ. ಅದರಲ್ಲಿ ನೀನು ಯಾರು ಅಂತ ಗೊತ್ತಿಲ್ಲದೇ ಇದ್ದಿದ್ದಕ್ಕೆ ಎಲ್ಲರಿಗೂ ಸೇರಿಸಿ ಕೂಗಿದೆ.

ಇನ್ನು ನಿನಗೂ ವಯಸ್ಸು ದಾಟಿತು, ಮೈದಾನಕ್ಕೆ ಬಿಡಲ್ಲ. ಮುಂದಿನ ಜುಲೈನಲ್ಲಿ ನಮ್ಮೂರ ಷೋಗೆ ಬಾ. ತುದಿ ಸಾಲಲ್ಲಿ ಕೊರಿನ್‌ಗೂ ನನಗೂ ಮಧ್ಯೆ ಕೂತ್ಕೋ, ಹಾರ್ವಿ ಆಚೆ ಸರ್ಕೊಳ್ತಾನೆ. ಗಂಟಲು ಹೋಗಿ ಒಂದು ವಾರ ಆಯ್ತು, ನಾನು ಕೆಲಸ ಮಾಡೋ ಶಾಲೆಯ ಅಡುಗೆಮನೆಯಲ್ಲಿ ಎಲ್ಲರಿಗೂ ಕೈಸನ್ನೆಯಲ್ಲೇ ಬೈತಿದ್ದೀನಿ.

ಇಂತಿ,
ಬರ್ನಡೀನ್ ಕುಬಿಯಾಕ್